ಒಬ್ಬರ ಮಾತ್ರೆ, ಇಬ್ಬರ ಪಾಲು

ಕತ್ತರಿಯಣ್ಣನಿಗೆ ಊರಿನ ಗಂಡಸರೆಲ್ಲ ಮುಖಕ್ಕಿಂತ ಹಿಂದಲೆಯಿಂದಲೇ ಹೆಚ್ಚು ಪರಿಚಯ. ಇಪ್ಪತ್ತೆರಡು ವರ್ಷ ಕ್ಷೌರದಂಗಡಿಯ ಕುರ್ಚಿಯ ಹಿಂದೆ ನಿಂತವನಿಗೆ ಅದು ಸಹಜವೇ. ರಸ್ತೆಯಲ್ಲಿ ಮುಂದೆ ನಡೆಯುತ್ತಿರುವವನ ಕತ್ತು ಕಂಡರೆ ಸಾಕು: ಇವನು ಬ್ಯಾಂಕಿನ ಕ್ಯಾಷಿಯರು, ನೆತ್ತಿಯಲ್ಲಿ ಎರಡು ಸುಳಿ, ನೀರು ಹಾಕದೆ ಬಾಚಿದರೆ ಕೂದಲು ಎದ್ದು ನಿಲ್ಲುತ್ತದೆ, ಅವನು ಬೇಕರಿಯವನು, ಎಡಗಿವಿಯ ಹಿಂದೆ ಮಚ್ಚೆ, ಮೆಷೀನು ಓಡಿಸುವಾಗ ಜೋಪಾನ. ತಲೆ ಮರೆತದ್ದನ್ನೂ ಕೈ ನೆನಪಿಟ್ಟುಕೊಳ್ಳುತ್ತಿತ್ತು. ಇಂಥ ವಿದ್ಯೆಯಿಂದ ಯಾರಿಗೇನು ಕೆಡುಕಾದೀತು ಎಂದು ಕೇಳಬಹುದು. ಅವನ ಹೆಂಡತಿಯ ಒಂದು ಕಣ್ಣು ಹೋದದ್ದರಲ್ಲಿ ಆ ವಿದ್ಯೆಯ ಪಾಲೂ ಇದೆ.

ಅಂಗಡಿ ಇದ್ದದ್ದು ಬಸ್ ನಿಲ್ದಾಣದ ಎದುರಿಗೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೊಂದು ಬೆಂಚು. ಬೆಂಚಿನ ಮೇಲೆ ತಲೆ ಕೊಡಲು ಬಂದವರಿಗಿಂತ ಮಾತಾಡಲು ಬಂದವರೇ ಹೆಚ್ಚು. ಒಂದು ಭಾನುವಾರ ಮಾತು ಮೂಲೆಯಂಗಡಿಯ ಇಸ್ತ್ರಿಯವನ ಕಡೆಗೆ ತಿರುಗಿತು.

"ದೊಡ್ಡಾಸ್ಪತ್ರೆಯ ಕೊನೇ ರೂಮಿಂದ ಹೊರಗೆ ಬರ್ತಿದ್ದನಂತೆ ಕಣ್ರೀ," ಎಂದ ಬೇಕರಿಯವನು.

"ಕೊನೇ ರೂಮು ಅಂದ್ರೆ?" ಎಂದು ಬೆಂಚಿನ ಇನ್ನೊಂದು ತುದಿಯಿಂದ ಯಾರೋ ಕೇಳಿದರು.

"ಗೊತ್ತಿಲ್ದೋರ ಥರ ಕೇಳ್ತಾರೆ ನೋಡು! ಎಚ್‌ಐವಿ ಔಷಧಿ ಕೊಡೋ ರೂಮು."

"ಅಯ್ಯೋ ಶಿವನೇ! ನನ್ನ ಮೂರು ಶರ್ಟು ಅವನ ಹತ್ರಾನೇ ಇದೆಯಲ್ಲೋ!"

"ಶರ್ಟಿಗೇನಾಗತ್ತೆ? ನಮ್ಮ ಕತ್ತರಿಯಣ್ಣನ ಕಥೆ ಹೇಳು. ಇಸ್ತ್ರಿಯವನು ಗಡ್ಡ ಮಾಡಿಸ್ಕೊಳ್ಳೋದು ಇದೇ ಕುರ್ಚೀಲಿ ತಾನೆ?"

ಬೆಂಚು ಒಂದು ಕ್ಷಣ ಸುಮ್ಮನಾಯಿತು. ನಾಲ್ಕೈದು ಕತ್ತುಗಳು ಕುರ್ಚಿಯ ಕಡೆ ಹೊರಳಿದವು. ಆ ಹೊತ್ತಿಗೆ ಕುರ್ಚಿಯಲ್ಲಿದ್ದವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಕೆನ್ನೆ ತುಂಬ ಸೋಪಿನ ನೊರೆ. ಕತ್ತರಿಯಣ್ಣ ವ್ಯಾಪಾರ ಬಲ್ಲವನು. ಇಂಥ ಮೌನ ಎರಡು ಕ್ಷಣಕ್ಕಿಂತ ಹೆಚ್ಚು ಬೆಳೆಯಗೊಡಬಾರದು ಎಂದು ತಿಳಿದವನು.

"ಇನ್ಮೇಲೆ ಬಂದ್ರೆ ಬಾಗಿಲಿಂದಲೇ ಕಳಿಸ್ತೀನಿ ಸ್ವಾಮಿ," ಎಂದ. "ಅಂಥೋರಿಗೆಲ್ಲ ನನ್ನ ಬ್ಲೇಡು ಮುಟ್ಟಿಸಲ್ಲ. ನನ್ನ ಕುರ್ಚಿ ಅಂದ್ರೆ ಏನಂದ್ಕೊಂಡಿದೀರಿ, ಧರ್ಮಛತ್ರಾನಾ?"

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಗಲ್ಲದ ಮೇಲೆ ಬ್ಲೇಡಿರುವಾಗ ಯಾರು ತಾನೆ ನಕ್ಕಾರು ಎಂದು ಕತ್ತರಿಯಣ್ಣ ಅಂದುಕೊಂಡ. ಎರಡು ತಿಂಗಳಲ್ಲಿ ಇಸ್ತ್ರಿಯವನು ಅಂಗಡಿ ಮುಚ್ಚಿದ. ಎಲ್ಲಿಗೆ ಹೋದ ಎಂದು ಯಾರೂ ಕೇಳಲಿಲ್ಲ.

ಆಮೇಲೊಂದು ತಿಂಗಳಿಗೆ ಕತ್ತರಿಯಣ್ಣನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಆಕೆ ಟೈಲರ್ ಅಂಗಡಿಗಳಿಂದ ಶರ್ಟುಗಳನ್ನು ತಂದು ಮನೆಯಲ್ಲೇ ಕಾಜ ಹೊಲಿದು, ಗುಂಡಿ ಹಾಕಿ ಕೊಡುವವಳು. ದಿನಕ್ಕೆ ಮೂವತ್ತು ಶರ್ಟು ದಾಟಿಸುತ್ತಿದ್ದ ಬೆರಳು. ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರು. ಪರೀಕ್ಷೆಯ ಫಲ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ದೊಡ್ಡಾಸ್ಪತ್ರೆಯ ಕೊನೇ ರೂಮಿಗೆ ಕರೆದರು. ಅವನ ರಕ್ತವನ್ನೂ ತೆಗೆದರು. ಅದರಲ್ಲೂ ಇತ್ತು.

ಯಾರಿಂದ ಯಾರಿಗೆ ಎಂಬ ಪ್ರಶ್ನೆಯನ್ನು ಅವರಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಕತ್ತರಿಯಣ್ಣನಿಗೆ ಉತ್ತರ ಗೊತ್ತಿತ್ತು; ಅವನಿಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಕೆಲವು ಕಡತಗಳು ಹಾಗೆ ಮುಚ್ಚಿಯೇ ಇರುತ್ತವೆ.

ಆ ರೂಮಿನಲ್ಲಿ ರೋಗಿಗಳಿಗೆ ತಿಳಿಹೇಳಲು ಒಬ್ಬ ಆಪ್ತ ಸಮಾಲೋಚಕಿ ಇದ್ದರು. ಎಲ್ಲರ ಬಾಯಲ್ಲೂ ಬರೀ 'ಮೇಡಂ'. ಸದಾ ನೆಗಡಿ, ಸದಾ ಪಕ್ಕದಲ್ಲೊಂದು ಬಿಸಿನೀರಿನ ಫ್ಲಾಸ್ಕು.

"ಸಾಯ್ತೀವಾ ಮೇಡಂ?" ಎಂದಳು ಹೆಂಡತಿ.

"ಎಲ್ರೂ ಸಾಯ್ತೀವಮ್ಮ, ನಾನು ಈ ನೆಗಡೀಲೇ ಸಾಯ್ತೀನೇನೋ. ಆದ್ರೆ ಇದರಿಂದ ನೀವು ಸಾಯ್ಬೇಕಾಗಿಲ್ಲ. ದಿನಾ ಒಂದು ಮಾತ್ರೆ, ಒಂದೇ ಹೊತ್ತಿಗೆ. ಜೀವಮಾನ ಪೂರ್ತಿ. ಇಲ್ಲಿ ಪುಕ್ಕಟೆ ಕೊಡ್ತೀವಿ, ನಿಮ್ಮ ಡಬ್ಬಿ ಇವತ್ತೇ ತಗೊಂಡು ಹೋಗಿ. ತಪ್ಪದೆ ತಗೊಂಡ್ರೆ ರಕ್ತದಲ್ಲಿ ವೈರಸ್ಸು ಹುಡುಕಿದ್ರೂ ಸಿಗದಷ್ಟು ಕಮ್ಮಿಯಾಗತ್ತೆ. ಹಂಗೇ ಕಮ್ಮಿಯಾಗಿ ಉಳಿದ್ರೆ, ಗಂಡ ಹೆಂಡತಿ ಕೂಡಿದ್ರೂ ಒಬ್ಬರಿಂದ ಒಬ್ಬರಿಗೆ ಹೋಗಲ್ಲ. ಮಕ್ಕಳೆಷ್ಟು?"

"ಒಬ್ಬಳೇ ಮಗಳು. ಪಿಯುಸಿ. ಅವಳು ಹುಟ್ಟೋವಾಗ ಮಾಡಿದ್ರು ಈ ಪರೀಕ್ಷೆ, ಆಗ ನಂಗೆ ಏನೂ ಇರ್ಲಿಲ್ಲ."

"ಹಾಗಾದ್ರೆ ಅವಳ ಬಗ್ಗೆ ಚಿಂತೆ ಬಿಡಿ. ಒಂದೇ ತಟ್ಟೆ, ಒಂದೇ ಲೋಟ, ಒಂದೇ ಬಾತ್‌ರೂಮು, ಯಾವುದರಿಂದಲೂ ಬರಲ್ಲ." ಮೇಡಂ ಕತ್ತರಿಯಣ್ಣನ ಕಡೆ ತಿರುಗಿದರು. "ಯಜಮಾನ್ರೇ, ನೀವು ಸೋಮವಾರ ಬಂದು ಹೆಸರು ಬರೆಸಿ. ನಿಮ್ಮ ಮಾತ್ರೇನೂ ಶುರು ಮಾಡೋಣ."

"ಬರ್ತೀನಿ ಮೇಡಂ," ಎಂದ ಕತ್ತರಿಯಣ್ಣ.

ಬಂದದ್ದೂ ಹೌದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಡೆದು ಕೊನೆಯ ತಿರುವಿಗೆ ಬಂದು ನೋಡಿದ. ರೂಮಿನ ಮುಂದೆ ಸಾಲು, ಎಲ್ಲರ ಬೆನ್ನೂ ಇವನ ಕಡೆಗೆ. ಮೊದಲಿನದು ಎರಡು ಸುಳಿಯ ತಲೆ. ಅದರ ಹಿಂದೆ, ಶನಿವಾರ ತಾನೇ ತಾನು ಮೆಷೀನು ಹಾಕಿದ ಬಸ್ ಡ್ರೈವರನ ಕತ್ತು. ಗೆರೆ ಇನ್ನೂ ಹೊಸದಾಗಿತ್ತು. ಮೂರನೆಯದು ಕಾಲರಿನ ಮೇಲೆ ಒಂದಂಗುಲ ನರೆಗೂದಲು ಬಿಡಿಸಿಕೊಳ್ಳುವ ಡ್ರಾಯಿಂಗ್ ಮೇಷ್ಟ್ರದು. ತನ್ನ ಅಂಗಡಿಯ ಬೆಂಚನ್ನೇ ಯಾರೋ ಎತ್ತಿ ತಂದು ಇಲ್ಲಿಟ್ಟ ಹಾಗಿತ್ತು.

ಯಾವನಾದರೂ ಒಬ್ಬ ಹಿಂದೆ ತಿರುಗಿದರೆ ಆಯಿತು. ಕತ್ತರಿಯಣ್ಣ ತಾನೇ ತಿರುಗಿದ. ಚಪ್ಪಲಿ ನೆಲಕ್ಕೆ ಉಜ್ಜಿ ಕಿರ್ರೆಂದಿತು. ಗೇಟಿನವರೆಗೆ ನಡಿಗೆ, ಅಲ್ಲಿಂದಾಚೆಗೆ ಹೆಚ್ಚುಕಡಿಮೆ ಓಟ.

"ಏನಂದ್ರು?" ಎಂದಳು ಹೆಂಡತಿ. ಮಡಿಲಲ್ಲಿ ಶರ್ಟು, ಹಲ್ಲಿನ ನಡುವೆ ದಾರ.

"ಒಳಗೆ ಹೋಗ್ಲಿಲ್ಲ."

"ಯಾಕೆ?"

"ಮೂರು ತಲೆ ಇತ್ತು."

"ಮೂರು ತಲೇನಾ? ಯಾರಿಗೆ?"

"ನನ್ನ ಗಿರಾಕಿಗಳು ಕಣೇ! ಕ್ಯಾಷಿಯರು, ಡ್ರೈವರು, ಮೇಷ್ಟ್ರು."

ಅವಳು ದಾರ ಕಚ್ಚಿ ಕಡಿದಳು. "ಅಲ್ಲ ರೀ, ಅವರೇನು ನಾಟಕ ನೋಡೋಕೆ ಬಂದಿದ್ರಾ? ಅವರಿಗೂ ಇದೇ ಇರೋದಕ್ಕೆ ತಾನೆ ಆ ಸಾಲಲ್ಲಿ ನಿಂತಿದ್ದು? ಹೋಗಿ ಯಾರಿಗೆ ಹೇಳ್ತಾರೆ?"

"ನಿಂಗೆ ಅರ್ಥ ಆಗಲ್ಲ. ಇಸ್ತ್ರಿಯವನ ಗತಿ ನೋಡಿದೆಯಲ್ಲ. ಶರ್ಟು ಕೊಡೋಕೇ ಹೆದರಿದ ಜನ. ನಂಗೆ ಕೊಡಬೇಕಾಗಿರೋದು ಕತ್ತು."

ಈ ವಾದದಲ್ಲಿ ಒಂದು ತೂತಿತ್ತು. ಹೆಂಡತಿ ಅದರೊಳಗೆ ಬೆರಳಿಟ್ಟು ತೋರಿಸಿಯೂ ಇದ್ದಳು. ಆದರೆ ಹೆದರಿದವನಿಗೆ ತೂತು ಕಾಣುವುದಿಲ್ಲ, ಬಾಗಿಲು ಮಾತ್ರ ಕಾಣುತ್ತದೆ. ಸಾಲಿನಲ್ಲಿದ್ದ ಮೂವರೂ ತನ್ನಂತೆಯೇ ಬೆವರುತ್ತಿರಬಹುದು ಎಂದು ಕತ್ತರಿಯಣ್ಣನಿಗೆ ಹೊಳೆಯಲೇ ಇಲ್ಲ. ಬೆನ್ನಿನಿಂದ ಬೆವರು ಗೊತ್ತಾಗುವುದಿಲ್ಲವಲ್ಲ.

ಅಂದು ರಾತ್ರಿ ಎಂಟಕ್ಕೆ ಅವಳ ಫೋನಿನ ಅಲಾರಂ ಹೊಡೆಯಿತು. ಅವಳು ಡಬ್ಬಿಯಿಂದ ಮಾತ್ರೆ ತೆಗೆದಳು, ನೀರಿನ ಲೋಟ ಹಿಡಿದಳು, ಗಂಡನ ಮುಖ ನೋಡಿದಳು. ಒಂದು ವಾರದಿಂದ ಅವನಿಗೆ ಒಣಕೆಮ್ಮು.

"ಇವತ್ತು ನೀವು ತಗೊಳ್ಳಿ," ಎಂದಳು. "ನಾನು ನಾಳೆ ತಗೋತೀನಿ. ಮುಂದಿನ ಸೋಮವಾರದವರೆಗೆ ತಾನೆ."

ಸೋಮವಾರಗಳು ಬಂದವು. ವರ್ಷಕ್ಕೆ ಐವತ್ತೆರಡರಂತೆ ತಪ್ಪದೆ ಬಂದವು.

ಆ ಮನೆಯಲ್ಲಿ ಎಲ್ಲವೂ ಹಂಚಿಕೊಂಡೇ ನಡೆದದ್ದು. ಇಬ್ಬರಿಗೆ ಒಂದೇ ಕೊಡೆ, ಇಬ್ಬರಿಗೂ ಒಂದೇ ಓದುವ ಕನ್ನಡಕ. ಹಂಚಿಕೊಂಡೇ ಬಾಳಿದ್ದೇವೆ ಎಂಬುದು ಅವರ ಹೆಮ್ಮೆ. ಹಾಗಾಗಿ ಒಂದು ದಿನ ಅವನು, ಒಂದು ದಿನ ಅವಳು ಎಂಬ ಏರ್ಪಾಡು ತಪ್ಪೆಂದು ಕಾಣಲೇ ಇಲ್ಲ, ಪ್ರೀತಿಯೆಂದೇ ಕಂಡಿತು. ಅದು ನಿಜಕ್ಕೂ ಪ್ರೀತಿಯೇ ಆಗಿತ್ತು, ಅದೇ ದುರಂತ. ಕೆಲವು ಸಂಜೆ 'ನಿಂಗೆ ಇವತ್ತು ಸುಸ್ತು' ಎಂದು ಅವನೂ, 'ನಿಮಗೆ ಕೆಮ್ಮು' ಎಂದು ಅವಳೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಮಾತ್ರೆ ತಟ್ಟೆಯ ಅಂಚಿನಲ್ಲಿ ಬೆಳಗಿನವರೆಗೂ ಒಂಟಿಯಾಗಿ ಕೂತಿರುತ್ತಿತ್ತು; ಬೆಳಿಗ್ಗೆ ಯಾರಾದರೊಬ್ಬರು ನುಂಗುತ್ತಿದ್ದರು.

ಪಿತ್ತಕೋಶದ ಆಪರೇಷನ್ ಮುಗಿಯಿತು. ತಿಂಗಳಿಗೊಮ್ಮೆ ಹೆಂಡತಿ ಕೊನೇ ರೂಮಿಗೆ ಡಬ್ಬಿ ಒಯ್ಯುತ್ತಿದ್ದಳು. ಮೇಡಂ ಉಳಿದ ಮಾತ್ರೆ ಎಣಿಸುವರು. ಮಾತ್ರೆ ಉಳಿದಿದ್ದರೆ ರೋಗಿ ತಪ್ಪಿಸಿದ್ದಾನೆ ಎಂದರ್ಥ. ಇವಳ ಡಬ್ಬಿ ಪ್ರತಿ ಸಲವೂ ಖಾಲಿ.

"ಯಜಮಾನ್ರು ಯಾಕೆ ಬರಲೇ ಇಲ್ಲ?" ಎಂದು ಎರಡನೆಯ ತಿಂಗಳು ಕೇಳಿದರು.

"ಅವರು ಪಕ್ಕದೂರಲ್ಲಿ ಪ್ರೈವೇಟ್ ಡಾಕ್ಟ್ರ ಹತ್ರ ತಗೋತಿದಾರೆ ಮೇಡಂ." ಬಸ್ಸಿನಲ್ಲಿ ಬರುವಾಗ ಉರುಹೊಡೆದ ವಾಕ್ಯ ಅದು. ಮೇಡಂ ಅದನ್ನು ಫೈಲಿನಲ್ಲಿ ಬರೆದುಕೊಂಡರು. ಬರೆದುಕೊಂಡ ಮೇಲೆ ಸುಳ್ಳಿಗೂ ಒಂದು ಗೌರವ ಬಂದುಬಿಡುತ್ತದೆ; ಮತ್ತೆ ಯಾರೂ ಕೇಳಲಿಲ್ಲ.

ಐದನೆಯ ತಿಂಗಳು ಆಕೆ ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ಕೂತಳು.

"ಇವತ್ತು ಎಲ್ಲರ ಮುಂದೆ ನನ್ನ ಎಬ್ಬಿಸಿ ನಿಲ್ಲಿಸಿದ್ರು. 'ಈ ಅಮ್ಮನ್ನ ನೋಡಿ ಕಲೀರಿ, ಒಂದು ಮಾತ್ರೇನೂ ತಪ್ಪಿಸಿಲ್ಲ' ಅಂದ್ರು. ಚಪ್ಪಾಳೆ ಹೊಡೆದ್ರು."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಇವತ್ತು ಹೇಳಿಬಿಡೋಣ ಅಂತ ಹೋಗಿದ್ದೆ ರೀ. ಸುಳ್ಳಿಗೆ ಚಪ್ಪಾಳೆ ಬಿದ್ಮೇಲೆ ನಿಜ ಹೇಳೋದು ಹೆಂಗೆ?"

ಆ ದಿನ ಕತ್ತರಿಯಣ್ಣನ ತಲೆಯಲ್ಲಿದ್ದದ್ದು ಬೇರೆ. ಡ್ರಾಯಿಂಗ್ ಮೇಷ್ಟ್ರು ಅಂಗಡಿಯ ಕಡೆ ತಲೆಹಾಕದೆ ಆಗಲೇ ನಾಲ್ಕು ತಿಂಗಳಾಗಿತ್ತು. ಹದಿನೈದು ವರ್ಷದ ಗಿರಾಕಿ. ಅವತ್ತು ಆಸ್ಪತ್ರೆಯಲ್ಲಿ ತನ್ನನ್ನು ನೋಡಿಬಿಟ್ಟಿದ್ದಾರೆ, ಅದಕ್ಕೇ ಅಸಹ್ಯಪಟ್ಟು ಬಿಟ್ಟಿದ್ದಾರೆ ಎಂದು ಅವನು ತೀರ್ಮಾನಿಸಿಕೊಂಡಿದ್ದ. ತನ್ನ ಹೆದರಿಕೆ ಸರಿಯಾದದ್ದೇ ಎನ್ನಲು ಸಿಕ್ಕ ಆ ಸಾಕ್ಷಿಯನ್ನು ಜತನದಿಂದ ಕಾಪಾಡಿಕೊಂಡಿದ್ದ.

ಆರು ತಿಂಗಳಾದಾಗ ರಕ್ತದಲ್ಲಿ ವೈರಸ್ಸು ಎಷ್ಟಿದೆಯೆಂದು ನೋಡಿದರು. ಇಳಿದಿರಬೇಕಾದದ್ದು ಇಳಿದಿರಲಿಲ್ಲ. ಮೇಡಂ ಫೈಲು ನೋಡಿದರು, ಖಾಲಿ ಡಬ್ಬಿ ನೋಡಿದರು, ಮತ್ತೆ ಫೈಲು ನೋಡಿದರು.

"ತಗೊಂಡ ಮೇಲೆ ವಾಂತಿ ಆಗತ್ತಾ?"

"ಇಲ್ಲ ಮೇಡಂ."

"ಬೇರೆ ಏನಾದ್ರೂ ಔಷಧಿ, ಬೇರು, ಪುಡಿ?"

"ಇಲ್ಲ."

"ಮತ್ತೆ ಹೆಂಗಮ್ಮ?"

ಎಲ್ಲರಿಗೂ ಮಾದರಿಯಾದ ರೋಗಿ ನೆಲ ನೋಡುತ್ತ ನಿಂತಳು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಇನ್ನೂ ಏರಿತ್ತು. ಈ ಮಾತ್ರೆ ಈಕೆಗೆ ನಾಟುತ್ತಿಲ್ಲ ಎಂದುಕೊಂಡು ಡಾಕ್ಟರು ಬೇರೆ ಮಾತ್ರೆ ಬರೆದರು. ಹೊಸ ಮಾತ್ರೆ ಮನೆಗೆ ಬಂತು. ಅದನ್ನೂ ಇಬ್ಬರೂ ಹಂಚಿಕೊಂಡರು.

ಎರಡನೆಯ ವರ್ಷದ ಕೊನೆಗೆ ಟೈಲರು ಆರು ಶರ್ಟು ವಾಪಸು ಕಳಿಸಿದ. ಕಾಜ ಒಂದು ಕಡೆ, ಗುಂಡಿ ಒಂದು ಕಡೆ. ಹಾಕಿಕೊಂಡವನು ಸೊಟ್ಟ ಮನುಷ್ಯನಂತೆ ಕಾಣಬೇಕು, ಹಾಗೆ. ಕತ್ತರಿಯಣ್ಣ ಶರ್ಟು ಎತ್ತಿ ಹಿಡಿದು ನಕ್ಕ.

"ಏನೇ ಇದು, ಮಗಳಿಗೆ ಹೊಲಿಯೋಕೆ ಕೊಟ್ಟಿದ್ಯಾ?"

"ಬಲಗಣ್ಣಲ್ಲಿ ಕಪ್ಪು ದಾರ ಓಡಾಡ್ತಿದೆ ರೀ," ಎಂದಳು ಅವಳು. "ಹದಿನೈದು ದಿನ ಆಯ್ತು. ಮೊದಮೊದಲು ಹೊಲಿಗೆ ದಾರಾನೇ ಅಂದ್ಕೊಂಡು ಕೈಯಿಂದ ತೆಗೆಯೋಕೆ ಹೋಗ್ತಿದ್ದೆ. ಈಗ ಅರ್ಧ ಕಣ್ಣು ಪರದೆ ಎಳೆದಂಗಿದೆ."

ಅವನ ನಗು ಹಾಗೇ ನಿಂತಿತು.

ಕಣ್ಣಿನ ಡಾಕ್ಟರು ನೋಡಿ, ಮೈಯ ಶಕ್ತಿ ತೀರ ಕುಂದಿದಾಗ ಕಣ್ಣಿನ ಒಳಪರದೆಗೆ ಹತ್ತುವ ಸೋಂಕು ಇದು, ಬಲಗಣ್ಣಿನಲ್ಲಿ ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಎಡಗಣ್ಣಿಗೂ ಬರಬಹುದು ಎಂದು ಆ ಸೋಂಕಿಗೆ ಬೇರೆ ಔಷಧಿ ಬರೆದರು. ಮರುದಿನ ಕೊನೇ ರೂಮಿಗೆ ಗಂಡನನ್ನೂ ಕರೆದುಕೊಂಡೇ ಬರಬೇಕೆಂದು ಮೇಡಂ ಫೋನು ಮಾಡಿದರು.

ಕುರ್ಚಿ ಒಂದೇ ಇತ್ತು. ಹೆಂಡತಿ ಕೂತಳು. ಕತ್ತರಿಯಣ್ಣ ಅಭ್ಯಾಸಬಲದಿಂದ ಕುರ್ಚಿಯ ಹಿಂದೆ ನಿಂತ. ಡಾಕ್ಟರು ಕಾಗದ ತಿರುವಿ ಹೇಳಿದರು:

"ಎರಡನೇ ಮಾತ್ರೇನೂ ಸೋತಿದೆ ಅನ್ಸತ್ತೆ. ಮೂರನೇ ಥರದ್ದು ಇಲ್ಲಿ ಸಿಗಲ್ಲ. ಮೇಲಿಂದ ಒಪ್ಪಿಗೆ ತಗೊಂಡು ತರಿಸ್ಬೇಕು. ಎಷ್ಟು ದಿನ ಅಂತ ಹೇಳೋಕಾಗಲ್ಲ. ಅಷ್ಟರಲ್ಲಿ ಇನ್ನೊಂದು ಕಣ್ಣು... ಕಣ್ಣೊಂದೇ ಅಲ್ಲ, ಜೀವದ ಮಾತು. ನನಗೊಂದು ಅರ್ಥ ಆಗ್ತಿಲ್ಲ. ದಿನಾ ತಗೋತಾ ಇರೋರಿಗೆ ಹೀಗೆ ಆಗೋದು ಬಹಳ ಕಮ್ಮಿ. ಸರಿಯಾಗಿ ಯೋಚಿಸಿ ಹೇಳಮ್ಮ, ದಿನಾ ತಗೊಂಡಿದೀಯಾ?"

"ತಗೊಂಡಿದೀನಿ ಡಾಕ್ಟ್ರೇ," ಎಂದಳು ಹೆಂಡತಿ.

ಕತ್ತರಿಯಣ್ಣ ಊರವರ ತಲೆಗಳನ್ನೆಲ್ಲ ಬಲ್ಲವನು; ಹೆಂಡತಿಯ ಹಿಂದಲೆಯನ್ನು ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ಎಂದೂ ನೋಡಿರಲಿಲ್ಲ. ತೋಳಿನಷ್ಟು ದಪ್ಪವಿದ್ದ ಜಡೆ ಇಲಿಬಾಲದ ಹಾಗಾಗಿತ್ತು. ಬೈತಲೆ ಅಗಲವಾಗಿ ನೆತ್ತಿಯ ಚರ್ಮ ಕಾಣುತ್ತಿತ್ತು. ಕಿವಿಯ ಹಿಂದಿನ ಎಲುಬು ಎದ್ದಿತ್ತು. ಈ ತಲೆ ಈಗಲೂ ತನ್ನ ಮಾನ ಕಾಯಲೆಂದು ಸುಳ್ಳು ಹೇಳುತ್ತಿದೆ.

"ಇಲ್ಲ," ಎಂದ. "ಅರ್ಧ ನಾನು ತಿಂದಿದೀನಿ."

"ಏನು?"

"ಅವಳ ಮಾತ್ರೇಲಿ ಅರ್ಧ ನಾನು ತಿಂದಿದೀನಿ ಡಾಕ್ಟ್ರೇ. ಎರಡು ವರ್ಷದಿಂದ. ನಂಗೆ ಯಾವ ಪ್ರೈವೇಟ್ ಡಾಕ್ಟ್ರೂ ಇಲ್ಲ."

ಹೆಂಡತಿ ಹಿಂದಕ್ಕೆ ಕೈ ಚಾಚಿ ಅವನ ಅಂಗಿಯ ತುದಿ ಹಿಡಿದುಕೊಂಡಳು. ತಡೆಯಲೋ, ಬಿಡಬೇಡಿ ಎನ್ನಲೋ, ಅವಳಿಗೇ ಗೊತ್ತು. ಡಾಕ್ಟರ ಮುಖಕ್ಕೆ ಸಿಟ್ಟು ಬಂತು, ಆಮೇಲೆ ಹೋಯಿತು. ಮೊದಲು ಮಾತಾಡಿದವರು ಮೇಡಂ.

"ನಾನು ಮಾತ್ರೆ ಎಣಿಸಿದೆ," ಎಂದರು ನಿಧಾನವಾಗಿ. "ಮನೇಲಿ ಎಷ್ಟು ಜನ ನುಂಗ್ತಿದಾರೆ ಅಂತ ಎಣಿಸ್ಲಿಲ್ಲ. ಮೇಲೆ ಚಪ್ಪಾಳೆ ಬೇರೆ ಹೊಡೆಸಿದೆ. ಹೇಳೋಕೆ ಬಂದೋರ ಬಾಯಿ ನಾನೇ ಮುಚ್ಚಿಸಿದಂಗಾಯ್ತು."

"ದಿನ ಬಿಟ್ಟು ದಿನ ತಗೊಂಡ್ರೂ ಅರ್ಧ ಕೆಲಸ ಆದ್ರೂ ಮಾಡತ್ತೆ ಅಂದ್ಕೊಂಡಿದ್ವಿ," ಎಂದ ಕತ್ತರಿಯಣ್ಣ.

"ಅರ್ಧ ಔಷಧಿ ವೈರಸ್ಸನ್ನ ಹಿಡಿದಿಡಲ್ಲ ಯಜಮಾನ್ರೇ, ಅದಕ್ಕೆ ತರಬೇತಿ ಕೊಡತ್ತೆ. ಔಷಧಿಯಿಂದ ತಪ್ಪಿಸ್ಕೊಳ್ಳೋದು ಹೇಗೆ ಅಂತ ಕಲಿಸತ್ತೆ. ನೀವಿಬ್ರೂ ಸೇರಿ ಎರಡು ವರ್ಷ ಅದಕ್ಕೆ ಶಾಲೆ ನಡೆಸಿದೀರಿ," ಎಂದರು ಮೇಡಂ.

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. "ಆದ್ರೆ ಈಗ ಹೇಳಿದ್ದು ಒಳ್ಳೇದಾಯ್ತು. ಎರಡನೇ ಮಾತ್ರೆ ಸೋತಿಲ್ಲದೇ ಇರಬಹುದು. ಅದನ್ನ ನೆಟ್ಟಗೆ ಕೊಟ್ಟೇ ಇಲ್ವಲ್ಲ. ದಿನಾ ಪೂರ್ತಿ ತಗೊಂಡು ನೋಡೋಣ. ನಿಮ್ಮ ರಕ್ತಾನೂ ತೆಗೀಬೇಕು, ನಿಮಗೆ ಯಾವುದು ನಾಟತ್ತೆ ಅಂತ ನೋಡಿ ಬೇರೆ ಡಬ್ಬಿ ಕೊಡ್ತೀವಿ."

ಕತ್ತರಿಯಣ್ಣ ತುಂಬ ಹೊತ್ತಿನಿಂದ ನುಂಗಿಕೊಂಡಿದ್ದ ಪ್ರಶ್ನೆಯನ್ನು ಹೊರಗೆ ತಂದ. "ನಾನು ಅಂಗಡಿ ಮುಚ್ಚಬೇಕಾ?"

"ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕ್ತೀರಾ?" ಎಂದು ಮೇಡಂ ಕೇಳಿದರು.

"ಹನ್ನೆರಡು ವರ್ಷದಿಂದ ಹಾಗೇ ಮೇಡಂ."

"ಮತ್ಯಾಕೆ ಮುಚ್ತೀರಾ? ಕೂದಲಿಂದ, ಬಾಚಣಿಗೆಯಿಂದ, ಬೆವರಿಂದ, ಕೈ ಮುಟ್ಟೋದರಿಂದ ಬರೋ ಕಾಯಿಲೆ ಅಲ್ಲ ಇದು. ಎರಡು ವರ್ಷದ ಹಿಂದೆ ಬಂದಿದ್ರೆ ಅವತ್ತೇ ಹೇಳ್ತಿದ್ದೆ. ನಮ್ಮೂರ ಸಾಲಲ್ಲಿ ನಿಲ್ಲೋಕೆ ನಾಚಿಕೆ ಅಂದಿದ್ರೆ, ಬೇರೆ ಊರಿನ ಕೇಂದ್ರಕ್ಕೆ ಬರೆದುಕೊಡೋಕೆ ಆಗತ್ತಾ ಅಂತ ನೋಡ್ತಿದ್ದೆ. ಅವಳ ಕಣ್ಣು..." ಮೇಡಂ ಮಾತು ಮುಗಿಸದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ರಕ್ತ ಕೊಟ್ಟು, ಹೆಸರು ಬರೆಸಲು ಅವನು ಸಾಲಿನ ಕೊನೆಗೆ ಹೋಗಿ ನಿಂತ. ಎರಡು ವರ್ಷದ ಹಿಂದೆ ನಿಲ್ಲಬೇಕಾಗಿದ್ದ ಜಾಗ. ಮುಂದಿದ್ದ ಕತ್ತು ಸಣಕಲು, ಕಾಲರಿನ ಮೇಲಿನ ಕೂದಲನ್ನು ಯಾರೋ ಕೈಬಾರದವರು ಕತ್ತರಿಸಿದ್ದರು. ಅದು ತಿರುಗಿತು. ಡ್ರಾಯಿಂಗ್ ಮೇಷ್ಟ್ರು.

"ಅಂತೂ ಬಂದೆ," ಎಂದರು.

"ಮೇಷ್ಟ್ರೇ, ನೀವು... ನನ್ನ ನೋಡಿದ್ರಾ ಅವತ್ತು?"

"ಬೆನ್ನು ನೋಡಿ ಗುರುತು ಹಿಡಿಯೋದು ನಿನಗೊಬ್ಬನಿಗೇ ಬರತ್ತೆ ಅಂದ್ಕೊಂಡಿದೀಯಾ? ಮೂವತ್ತು ವರ್ಷ ಮಕ್ಕಳಿಗೆ ಮನುಷ್ಯರ ಚಿತ್ರ ಬರೆಯೋದು ಕಲಿಸಿದೀನಿ ಮಾರಾಯ. ಚಪ್ಪಲಿ ಕಿರ್ರಂತು, ತಿರುಗಿ ನೋಡ್ದೆ, ನಿನ್ನ ಬೆನ್ನು ಓಡ್ತಾ ಇತ್ತು."

"ಅದಕ್ಕೇ ಅಂಗಡಿಗೆ ಬರೋದು ಬಿಟ್ರಿ."

"ಅಂಗಡಿ ಒಂದೇ ಅಲ್ಲ. ಇಲ್ಲಿಗೆ ಬರೋದೂ ಬಿಟ್ಟೆ."

"ಯಾಕೆ?"

"ನೀನು ನನ್ನ ನೋಡಿದೆಯಲ್ಲೋ! ನಾಳೆ ಬೆಂಚಿನ ತುಂಬ ನನ್ನದೇ ಸುದ್ದಿ ಅಂದ್ಕೊಂಡೆ. 'ಅಂಥೋರಿಗೆ ಬ್ಲೇಡು ಮುಟ್ಟಿಸಲ್ಲ' ಅಂದಾಗ ಆ ಬ್ಲೇಡು ಯಾರ ಗಲ್ಲದ ಮೇಲಿತ್ತು ಹೇಳು? ಎಂಟು ತಿಂಗಳು ಮಾತ್ರೆ ಬಿಟ್ಟು ಮನೇಲಿ ಬಾಗಿಲು ಹಾಕ್ಕೊಂಡು ಕೂತೆ. ಟಿಬಿ ಬಂತು. ಮಗ ಎತ್ಕೊಂಡು ಬಂದು ಹಾಕಿದ ಇಲ್ಲಿ. ಈಗ ಪರವಾಗಿಲ್ಲ. ಉಸಿರು ಮಾತ್ರ ಮೊದಲಿನಂಗಿಲ್ಲ."

"ನಾನು ಓಡಿದ್ದು ನಿಮ್ಮನ್ನ ನೋಡಿ ಮೇಷ್ಟ್ರೇ."

"ಈಗ ಗೊತ್ತಾಯ್ತಲ್ಲ," ಎಂದರು ಮೇಷ್ಟ್ರು. ನಗಲು ಹೋದರು, ಅದು ಕೆಮ್ಮಾಯಿತು. "ಇಬ್ಬರು ಬುದ್ಧಿವಂತರು. ಒಬ್ಬರನ್ನೊಬ್ಬರು ನೋಡಿ ಹೆದರಿ, ಸಾಯೋಕೆ ಹೊರಟಿದ್ವಿ."

"ಇಸ್ತ್ರಿಯವನು ಎಲ್ಲಿದಾನೆ, ನಿಮಗೇನಾದ್ರೂ ಗೊತ್ತಾ?"

"ಇಲ್ಲಪ್ಪ. ಮೇಡಂ ಎರಡು ಸಲ ಹುಡುಕಿಸಿದ್ರಂತೆ. ಎಲ್ಲಾದ್ರೂ ಮಾತ್ರೆ ತಗೋತಿದ್ರೆ ಸಾಕು."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಇಬ್ಬರೂ ಸರಿದರು. ಕ್ಷಮೆ ಕೇಳೋಣವೆಂದರೆ ಮೇಷ್ಟ್ರು ಎದುರಿಗಿದ್ದರು. ಇಸ್ತ್ರಿಯವನನ್ನು ಎಲ್ಲಿ ಹುಡುಕುವುದು?

ಆ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡರು. ಅವಳೀಗ ಕಾಲೇಜಿನ ಎರಡನೆಯ ವರ್ಷ. ಅಪ್ಪನೇ ಶುರುಮಾಡಿದ.

"ನಿಂಗೊಂದು ವಿಷಯ ಹೇಳ್ಬೇಕು."

"ಅಮ್ಮನ ಮಾತ್ರೆ ವಿಷಯಾನಾ? ಗೊತ್ತು."

"ಗೊತ್ತಾ?"

"ಡಬ್ಬಿ ಮೇಲಿನ ಚೀಟಿ ಕೆರೆದು ಹಾಕಿದ್ರೆ ಮಾತ್ರೆ ಮೇಲಿನ ಅಕ್ಷರ ಹೋಗತ್ತಾ? ಎರಡು ವರ್ಷದ ಹಿಂದೇನೇ ಫೋನಲ್ಲಿ ಹುಡುಕಿ ನೋಡ್ದೆ. ಒಂದು ವಾರ ಊಟ ಸೇರ್ಲಿಲ್ಲ ನಂಗೆ. ಆಮೇಲೆ ನೀವೂ ತಗೊಳ್ಳೋದು ಕಂಡ್ತು, ಸದ್ಯ ಇಬ್ರೂ ತಗೋತಿದಾರಲ್ಲ ಅಂತ ಸಮಾಧಾನ ಮಾಡ್ಕೊಂಡೆ." ಅವಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಯಾಕೆ? ಅಪ್ಪ, ಯಾಕೆ ಹಂಗೆ ನೋಡ್ತಿದೀರಾ?"

ಒಂದೇ ಡಬ್ಬಿ ಎಂದು ಹೇಳಿದರು. ಮಗಳು ಎದ್ದು ಡಬ್ಬಿ ತಂದು ಎದುರಿಗಿಟ್ಟುಕೊಂಡಳು.

"ಒಂದ್ ಮಾತು ಕೇಳಿದ್ರೆ ನಾನೇ ನಿಮ್ಮನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ," ಎಂದಳು. "ನಾನಾದ್ರೂ ಕೇಳ್ಬೇಕಿತ್ತು."

ಆ ಮನೆಯಲ್ಲಿ ಈಗ ಎರಡು ಡಬ್ಬಿಗಳಿವೆ, ಎರಡರ ಮೇಲೂ ಚೀಟಿ ಇದೆ. ಎಂಟಕ್ಕೆ ಅಲಾರಂ ಹೊಡೆದಾಗ ಮಗಳು ಎಲ್ಲಿದ್ದರೂ ಫೋನು ಮಾಡಿ "ಆಯ್ತಾ?" ಎನ್ನುತ್ತಾಳೆ. ನಾಲ್ಕು ತಿಂಗಳಿಗೆ ಹೆಂಡತಿಯ ರಕ್ತದಲ್ಲಿ ವೈರಸ್ಸು ಇಳಿಯತೊಡಗಿತು, ಆರು ತಿಂಗಳಿಗೆ ಹುಡುಕಿದರೂ ಸಿಗದಷ್ಟಾಯಿತು. ಮೇಡಂ ಈ ಸಲ ಚಪ್ಪಾಳೆ ಹೊಡೆಸಲಿಲ್ಲ. ಕೈ ಹಿಡಿದುಕೊಂಡು ಕೂತರು. ಎಡಗಣ್ಣು ಉಳಿಯಿತು. ಬಲಗಣ್ಣು ಹಾಗೆಯೇ ಇದೆ, ತೆರೆದೇ ಇರುತ್ತದೆ, ಏನನ್ನೂ ನೋಡುವುದಿಲ್ಲ. ಆಕೆ ಈಗ ಕಾಜ ಹೊಲಿಯುವುದಿಲ್ಲ, ದೊಡ್ಡ ಗುಂಡಿಗಳನ್ನು ಮಾತ್ರ ಹಾಕುತ್ತಾಳೆ. ಅಂಗಡಿಗೆ ಹೊರಡುವ ಮುಂಚೆ ಕತ್ತರಿಯಣ್ಣ ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾನೆ. ಅವಳು ಒಂದು ದಿನವೂ ಅವನನ್ನು ಬೈದಿಲ್ಲ. ಬೈದಿದ್ದರೆ ಅವನಿಗೆ ಕೊಂಚ ಹಗುರವಾಗುತ್ತಿತ್ತು.

ಅಂಗಡಿಯಲ್ಲಿ ಅವನು ವಿಷಯ ಹೇಳಿಕೊಂಡ ಮೇಲೆ ಕೆಲವರು ಬರುವುದನ್ನು ಬಿಟ್ಟರು. ಬೇಕರಿಯವನು ಎರಡು ತಿಂಗಳು ಬೇರೆ ಕಡೆ ತಲೆ ಕೊಟ್ಟು, ಕಿವಿಯ ಹಿಂದಿನ ಮಚ್ಚೆ ಕೊಯ್ಯಿಸಿಕೊಂಡು ವಾಪಸು ಬಂದ. ಮೇಷ್ಟ್ರು ಮೊದಲ ಭಾನುವಾರವೇ ಬಂದು, ಬೆಂಚು ತುಂಬಿರುವ ಹೊತ್ತು ನೋಡಿಕೊಂಡು ಕುರ್ಚಿಯಲ್ಲಿ ಕೂತು, ಗಲ್ಲ ಮೇಲೆತ್ತಿ, "ಹೂಂ, ಹಾಕು ಬ್ಲೇಡು," ಎಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಯಾರಿಗಾದರೂ ಈ ಮಾತ್ರೆ ಬರೆದುಕೊಟ್ಟಿದ್ದರೆ ಅದು ನಿಮಗಷ್ಟೇ ಬರೆದದ್ದು. ಗಂಡನಿಗಾಗಲಿ, ಹೆಂಡತಿಗಾಗಲಿ, ಒಡಹುಟ್ಟಿದವರಿಗಾಗಲಿ ಅದರಲ್ಲಿ ಪಾಲು ಕೊಡಬೇಡಿ. ಅವರ ಕೈ ಹಿಡಿದು ಕರೆದುಕೊಂಡು ಹೋಗಿ, ಅವರದನ್ನು ಅವರಿಗೆ ಕೊಡಿಸಿ. ಮಾತ್ರೆ ತಪ್ಪಿದ್ದರೆ ತಪ್ಪಿತೆಂದು ಹೇಳಿ. ಡಬ್ಬಿ ಖಾಲಿ ಮಾಡಿ ತೋರಿಸುವುದಕ್ಕಿಂತ ಅದು ದೊಡ್ಡದು. ಈ ಕಾಯಿಲೆ ಇಲ್ಲದ ನಮ್ಮಂಥವರು ಅಂಗಡಿಯ ಬೆಂಚಿನ ಮೇಲೆ ಆಡುವ ಒಂದು ತಮಾಷೆಗೆ ಯಾರ ಮಾತ್ರೆ ನಿಲ್ಲುತ್ತದೋ ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅವರು ಊರು ಬಿಟ್ಟಿರುತ್ತಾರೆ. ಆದ್ದರಿಂದ ಆ ತಮಾಷೆಯನ್ನು ನುಂಗಿಕೊಳ್ಳಿ.

ನಿಮ್ಮ ಮನೆಯಲ್ಲಿ ಒಂದೇ ಡಬ್ಬಿಯಿಂದ ಇಬ್ಬರು ತೆಗೆದುಕೊಳ್ಳುತ್ತಿದ್ದರೆ ಮುಂದಿನ ಸೋಮವಾರಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾರೂ ಬೈಯುವುದಿಲ್ಲ. ಒಂದು ವೇಳೆ ಬೈದರೆ, ಬೈಸಿಕೊಂಡು, ಎರಡು ಡಬ್ಬಿ ತೆಗೆದುಕೊಂಡು ಮನೆಗೆ ಬನ್ನಿ. ಬೈಗುಳ ಸಂಜೆಗೆ ಮರೆಯುತ್ತದೆ, ಕಣ್ಣು ಉಳಿಯುತ್ತದೆ.